ಬೋರ್ ನೀರಿಗೆ ಸಾಫ್ಟ್‌ನರ್: ಮೂರು ವರ್ಷ ಉಪ್ಪು ತಿನ್ನಿಸಿದ ಮೇಲೆ

ಗೀಸರ್ ರಿಪೇರಿಯವನು ಕಾಯಿಲ್ ಬಿಚ್ಚಿ ಕೈಗಿಟ್ಟಾಗ ಅದು ಕಾಯಿಲ್ ಅಂತಲೇ ಗೊತ್ತಾಗಲಿಲ್ಲ. ಮೂಲಂಗಿಯಷ್ಟು ದಪ್ಪ, ಬೂದು ಬಿಳುಪು, ಉಗುರಿನಲ್ಲಿ ಕೆರೆದರೆ ಚೂರು ಚೂರಾಗಿ ಉದುರುವ ಸುಣ್ಣ. "ದುರ್ಗದೋರಿಗೆ ಕೋಟೆ ಕಟ್ಟೋದು ಹೇಳ್ಕೊಡಬೇಕಾ? ಗೀಸರೊಳಗೂ ಏಳು ಸುತ್ತು ಕಟ್ಟೈತಲ್ಲಕ್ಕ" ಅಂದ. ಹೊಸ ಮನೆಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ, ಅದು ಎರಡನೇ ಕಾಯಿಲ್. ಸುಣ್ಣ ಕಟ್ಟಿಸುವ ಗಡಸು ನೀರನ್ನು ಮೆದು ಮಾಡುವ ಮೆಷಿನ್, ಅಂದರೆ ಸಾಫ್ಟ್‌ನರ್ ಹಾಕಿಸೋಣ ಅಂತ ತೀರ್ಮಾನವಾದದ್ದು ಅವತ್ತೇ, 2023ರ ಜನವರಿಯಲ್ಲಿ.

ನಮ್ಮದು ಚಿತ್ರದುರ್ಗದ ಹೊರಗಿನ ಒಂದು ಖಾಸಗಿ ಲೇಔಟ್. ಊರೊಳಗಿನವರಿಗೆ ಶಾಂತಿಸಾಗರ ಕೆರೆಯ ನೀರೋ ಮಾರಿಕಣಿವೆ ಅಣೆಕಟ್ಟಿನ ನೀರೋ ಬರುತ್ತದೆ. ನಮಗೆ ಲೇಔಟಿನ ಬೋರೇ ಗತಿ. 2022ರಲ್ಲಿ ಮಾರಿಕಣಿವೆ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಬೀದಿಯವರೆಲ್ಲ ಕಾರು ಮಾಡಿಕೊಂಡು ನೋಡಲು ಹೋಗಿದ್ದೆವು. ವಾಪಸ್ ಬಂದು ಕಾಲು ತೊಳೆಯಲು ನಲ್ಲಿ ತಿರುಗಿಸಿದರೆ ಅದೇ ನೀರು, ಅದೇ ನೊರೆ ಬಾರದ ಸೋಪು. ಐದು ಕೂಗು ಕೂಗಿಸಿದರೂ ತೊಗರಿಬೇಳೆ ಕಾಳು ಕಾಳಾಗಿಯೇ ಇರುತ್ತಿತ್ತು. ಹಾಗಾಗಿ ಆ ಎರಡು ವರ್ಷ ನಮ್ಮ ಮನೆಯಲ್ಲಿ ಯಾರ ಬೇಳೆಯೂ ಬೇಯಲಿಲ್ಲ.

ಕೊಳ್ಳುವ ಮೊದಲು ನಾವು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ನೀರನ್ನು ಲ್ಯಾಬಿಗೆ ಕೊಟ್ಟದ್ದು. ಗಡಸುತನ, ಅಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ, ಲೀಟರಿಗೆ 560 ಮಿಲಿಗ್ರಾಂ ಬಂತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ 200ರೊಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಫ್ಲೋರೈಡ್ 1.8 ಇತ್ತು, ಅದರ ಕಡೆಯ ಮಿತಿ 1.5. ನಮ್ಮ ಜಿಲ್ಲೆಯ ಬೋರ್ ನೀರಿಗೆ ಫ್ಲೋರೈಡ್ ಹೊಸದಲ್ಲ, ಆದರೂ ನಮ್ಮ ಮನೆ ಹೆಸರಿನ ಕಾಗದದಲ್ಲಿ ನೋಡಿದಾಗ ಎದೆ ಧಸಕ್ ಅಂತು.

ಮಾರಲು ಬಂದ ಹುಡುಗ ಜೇಬಿಂದ ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಮೀಟರ್, ತೆಗೆದು ನೀರಿಗದ್ದಿ, "980 ತೋರಿಸ್ತಿದೆ ನೋಡಿ ಮೇಡಂ, ನಮ್ಮ ಮೆಷಿನ್ ಹಾಕಿದ್ರೆ ಎಲ್ಲಾ ಹೋಗುತ್ತೆ, ಕುಡಿಯೋಕೂ ಆಗುತ್ತೆ" ಅಂದ. ಇದು ಸುಳ್ಳು. ಸಾಫ್ಟ್‌ನರ್ ಒಳಗಿರುವುದು ರೆಸಿನ್ ಎಂಬ ಸಣ್ಣ ಸಣ್ಣ ಮಣಿ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಒಂದು ಹೋಗಿ ಇನ್ನೊಂದು ಬಂತು, ಒಟ್ಟು ಲವಣ ಎಲ್ಲಿ ಇಳಿಯಿತು? ಹಾಕಿಸಿದ ಮೇಲೆ ನಾನೇ ಮೀಟರ್, ಗಡಸುತನ ನೋಡುವ ಕಿಟ್ ಎರಡನ್ನೂ ತರಿಸಿ ಅಳೆದೆ. ಗಡಸುತನ 30ಕ್ಕಿಂತ ಕೆಳಗೆ, ಟಿಡಿಎಸ್ ಮಾತ್ರ ಸಾವಿರದ ಆಸುಪಾಸಿನಲ್ಲೇ. ಫ್ಲೋರೈಡಿಗೂ ಈ ಮೆಷಿನ್ನಿಗೂ ಸಂಬಂಧವೇ ಇಲ್ಲ, ಕುದಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ಅಡುಗೆಮನೆಯ ನಲ್ಲಿಗೆ ನಾವು ಸಾಫ್ಟ್‌ನರ್ ಲೈನ್ ಕೊಡಲೇ ಇಲ್ಲ. ಕುಡಿಯಲು, ಬೇಳೆ ಬೇಯಿಸಲು ಇವತ್ತಿಗೂ ಐದು ರೂಪಾಯಿ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತೇವೆ. ಮಳೆ ಬಿದ್ದ ದಿನ ಅತ್ತೆಯವರು ತಾರಸಿಯ ಪೈಪಿಗೆ ಡ್ರಮ್ಮು ಹಿಡಿಯುತ್ತಾರೆ. ಅದರಲ್ಲಿ ನೆನೆಸಿ ತೊಳೆದ ಸೀರೆಯ ಹೊಳಪೇ ಬೇರೆ ಅನ್ನುವುದು ಅವರ ವಾದ, ನಾನು ಒಪ್ಪಿದ್ದೇನೆ.

ಈಗ ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಇದೆ. ಮೂರು ವರ್ಷದಲ್ಲಿ ಗೀಸರ್ ಕಾಯಿಲ್ ಒಂದು ಸಲವೂ ಸುಟ್ಟಿಲ್ಲ. ಷವರಿನ ತೂತುಗಳಿಗೆ ಸೂಜಿ ಚುಚ್ಚುವ ಕೆಲಸ ನಿಂತಿದೆ. ವಾಷಿಂಗ್ ಮೆಷಿನ್ನಿಗೆ ಮೊದಲಿನ ಅರ್ಧ ಪುಡಿ ಸಾಕು; ಟವೆಲ್ಲು ಹಪ್ಪಳದ ಹಾಗೆ ಸೆಟೆದು ನಿಲ್ಲುವುದಿಲ್ಲ. ಬಚ್ಚಲಿನ ಟೈಲ್ಸ್ ಮೇಲಿನ ಬಿಳಿ ಕಲೆಗೆ ಆಸಿಡ್ ಸುರಿದು ಕೆಮ್ಮುವುದು ತಪ್ಪಿದೆ. ಕೂದಲು ಉದುರುವುದು ನಿಂತಿತೇ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ನಾರಿನಂತೆ ಒರಟಾಗುತ್ತಿದ್ದದ್ದು ನಿಂತಿದೆ, ಅಷ್ಟೇ. ನಮ್ಮ ಮನೆಯವರ ತಲೆ ಮುಂಚಿನ ವೇಗದಲ್ಲೇ ಬೋಳಾಗುತ್ತಿದೆ.

ಮೊದಲ ವಾರ ಅತ್ತೆಯವರಿಗೆ ಮಾತ್ರ ಈ ನೀರು ಸೇರಲೇ ಇಲ್ಲ. "ಎಷ್ಟು ಸುರ್ಕೊಂಡ್ರೂ ಮೈಯಿಂದ ಸೋಪೇ ಹೋಗಲ್ಲ ಕಣಮ್ಮ, ಲೋಳೆ ಲೋಳೆ ಅಂತೈತೆ" ಅಂತ ನಾಲ್ಕು ಚೊಂಬು ಹೆಚ್ಚಿಗೆ ಖರ್ಚು ಮಾಡುತ್ತಿದ್ದರು. ಮೆದು ನೀರಿನ ಸ್ವಭಾವವೇ ಹಾಗೆ, ಸೋಪು ಹೋಗಿದ್ದರೂ ಜಾರಿದಂತೆ ಅನ್ನಿಸುತ್ತದೆ. ತಿಂಗಳೊಪ್ಪತ್ತಿನಲ್ಲಿ ರೂಢಿಯಾಯಿತು.

ಈ ಮೆಷಿನ್ ಜೊತೆಗೆ ಭಾನುವಾರದ ಒಂದು ಗಂಟೆಯನ್ನೂ ಬರೆದುಕೊಡಬೇಕು. ನಮ್ಮದು 25 ಲೀಟರ್ ರೆಸಿನ್ನಿನದು, ಕೈಯಲ್ಲಿ ವಾಲ್ವ್ ತಿರುಗಿಸುವ ಮಾದರಿ. ನಮ್ಮ ಗಡಸುತನಕ್ಕೆ ಸುಮಾರು 2,000 ಲೀಟರ್ ಆದಮೇಲೆ ಮಣಿಗಳ ಹೊಟ್ಟೆ ತುಂಬಿಬಿಡುತ್ತದೆ. ಸ್ನಾನಕ್ಕೆ, ಬಟ್ಟೆಗೆ ದಿನಕ್ಕೆ 300 ಲೀಟರ್ ಅಂದರೆ ವಾರಕ್ಕೊಮ್ಮೆ ಸರಿಹೋಗುತ್ತದೆ. ಉಲ್ಟಾ ನೀರು ಬಿಟ್ಟು ಕೆಸರು ತೆಗೆಯಬೇಕು, ಮಣಿಗಳು ಹಿಡಿದದ್ದನ್ನು ಬಿಟ್ಟು ಮತ್ತೆ ಸೋಡಿಯಂ ತುಂಬಿಕೊಳ್ಳಲು ಮೂರು ಕೆಜಿ ಉಪ್ಪು ಕರಗಿಸಿದ ನೀರು ಎಳೆಸಬೇಕು, ಮತ್ತೆ ತೊಳೆಯಬೇಕು. ಒಮ್ಮೆ ಮರೆತು ಹತ್ತು ದಿನ ಬಿಟ್ಟೆವು. ಬಕೆಟ್ಟಿನಲ್ಲಿ ಸೋಪು ಮೊಸರೊಡೆದಂತೆ ಒಡೆದಾಗಲೇ ನೆನಪಾದದ್ದು. ಅಗ್ಗ ಅಂತ ಸಂತೆಯ ಕಲ್ಲುಪ್ಪು ಹಾಕಿದ್ದು ನಮ್ಮ ತಪ್ಪು, ಅದರ ಮಣ್ಣು ಹೀರುವ ಕೊಳವೆಯಲ್ಲಿ ಕಟ್ಟಿಕೊಂಡು ಒಂದಿಡೀ ದಿನ ಹೋಯಿತು. ಈಗ ಶುದ್ಧೀಕರಿಸಿದ ಉಪ್ಪಷ್ಟೇ.

ಇನ್ನೂ ದೊಡ್ಡ ತಪ್ಪೆಂದರೆ ತೊಳೆದ ಉಪ್ಪುನೀರು ದಂಡವಾಗಬಾರದೆಂದು ಹಿತ್ತಲಿಗೆ ಬಿಟ್ಟದ್ದು. ಎರಡೇ ತಿಂಗಳಲ್ಲಿ ಕರಿಬೇವಿನ ಗಿಡದ ಎಲೆ ಅಂಚಿನಿಂದ ಸುಟ್ಟು ಉದುರಿತು. ಬಯಲುಸೀಮೆಯಲ್ಲಿ ವಾರಕ್ಕೆ ಹತ್ತು ಹದಿನೈದು ಕೊಡ ನೀರು ಚರಂಡಿಗೆ ಬಿಡುವಾಗ ಹೊಟ್ಟೆ ಉರಿಯುತ್ತದೆ, ಆದರೆ ಗಿಡಕ್ಕೆ ಬಿಡುವ ಹಾಗಿಲ್ಲ.

ಸರ್ವಿಸ್ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ವಾರಂಟಿ ಮುಗಿದ ಎರಡನೇ ತಿಂಗಳಿಗೆ ವಾಲ್ವ್ ಸೋರಿತು, ಮಾರಿದವರು ಫೋನ್ ಎತ್ತಲಿಲ್ಲ. ಕೊನೆಗೆ ಊರೊಳಗಿನ ಪ್ಲಂಬರ್ ಒಬ್ಬರು 80 ರೂಪಾಯಿಯ ರಬ್ಬರ್ ರಿಂಗ್ ಹಾಕಿ ನಿಲ್ಲಿಸಿದರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವವರು ಟಿಡಿಎಸ್ ಮೀಟರ್ ತೋರಿಸುವವರನ್ನು ಬಾಗಿಲಿಂದಲೇ ಕಳಿಸಿ, ಹನಿ ಹಾಕಿ ಗಡಸುತನ ನೋಡುವ ಕಿಟ್ ಕೇಳಿ. ಕೆಂಪು ನೀರು ನೀಲಿಯಾಗಲು ಎಷ್ಟು ಹನಿ ಬೇಕಾಯಿತು ಅನ್ನುವುದರಲ್ಲಿ ಲೆಕ್ಕ ಸಿಗುತ್ತದೆ. ನಮ್ಮ ಮನೆಯಲ್ಲಿ ಆ ಹನಿ ಎಣಿಸುವ ಕೆಲಸ ಮಗಳದು; ಉಪ್ಪು ಹಾಕುವ ಸರದಿ ಮಾತ್ರ ಪ್ರತಿ ಭಾನುವಾರವೂ ಹೇಗೋ ನನ್ನದೇ ಆಗಿರುತ್ತದೆ.