ಸಿವಿ ಜಾಯಿಂಟ್ ಹೊಸದು ಹಾಕಿಸಿದರೆ ಸಾಲದು, ಬೋಲ್ಟ್ ನೋಡಿ: ಹಳೆಯ ಟಿ3 ವ್ಯಾನ್ ಇರುವವರಿಗೆ ಎಚ್ಚರಿಕೆ

ನಾಲ್ಕೂ ಸಿವಿ ಜಾಯಿಂಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟಿನ ಎರಡೂ ತುದಿಯಲ್ಲಿರುವ, ಉಕ್ಕಿನ ಗುಂಡುಗಳ ಮೇಲೆ ಆಡುವ ಕೀಲು) ಹೊಸವು, ಅವುಗಳ ರಬ್ಬರ್ ಬೂಟ್ ಹೊಸವು, ಗ್ರೀಸ್ ಹೊಸದು. ಕೆಲಸ ಮುಗಿದು 300 ಕಿಲೋಮೀಟರ್ ಕೂಡ ಓಡಿರದ ಫೋಕ್ಸ್‌ವ್ಯಾಗನ್ ಟಿ3 ವ್ಯಾನ್ ಅದು. ಏರು ಹತ್ತುತ್ತಿದ್ದಾಗ ಹಿಂದಿನಿಂದ ಟಕ್ ಟಕ್ ಅಂತ ಸದ್ದು ಬಂತು. ಇನ್ನೊಂದು ಕಿಲೋಮೀಟರ್ ದಾಟುವಷ್ಟರಲ್ಲಿ ಎಡಗಡೆ ಡ್ರೈವ್ ಶಾಫ್ಟಿನ ಒಳತುದಿ ಗೇರ್‌ಬಾಕ್ಸಿನಿಂದ ಕಳಚಿ, ತಿರುಗುತ್ತಲೇ ಅಕ್ಕಪಕ್ಕದ್ದಕ್ಕೆಲ್ಲ ಬಡಿಯಿತು. ಎಂಜಿನ್ ಓಡುತ್ತಿದೆ, ಗೇರ್ ಬೀಳುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಇಳಿದು ನೋಡಿದರೆ ಆರು ಬೋಲ್ಟುಗಳಲ್ಲಿ ಎರಡು ಕಾಣೆ, ಉಳಿದ ನಾಲ್ಕು ಫ್ಲ್ಯಾಂಜಿನ (ಜಾಯಿಂಟ್ ಕೂರುವ ಚಪ್ಪಟೆ ಬಿಲ್ಲೆಯ) ಮಟ್ಟಕ್ಕೆ ಸರಿಯಾಗಿ ತುಂಡಾಗಿದ್ದವು.

ಜಾಯಿಂಟಿಗೆ ಏನೂ ಆಗಿರಲಿಲ್ಲ. ಫ್ಲ್ಯಾಂಜಿನ ಮುಖವನ್ನು ಬೆರಳಿನಿಂದ ಒರೆಸಿದಾಗ ಕಾರಣ ಗೊತ್ತಾಯಿತು: ಮುಖದ ತುಂಬ ಕಪ್ಪು ಗ್ರೀಸಿನ ತೆಳು ಪದರ, ಬೋಲ್ಟ್ ತೂತುಗಳ ಒಳಗೂ ಅದೇ.

ಎಂಜಿನ್ನಿನ ಬಲವನ್ನು ಬೋಲ್ಟಿನ ಕಾಂಡ ಹೊರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆರು ಬೋಲ್ಟುಗಳು ಜಾಯಿಂಟಿನ ಹೊರಬಳೆಯನ್ನು ಫ್ಲ್ಯಾಂಜಿಗೆ ಒತ್ತಿ ಹಿಡಿಯುತ್ತವೆ, ಆ ಎರಡು ಲೋಹದ ಮುಖಗಳ ನಡುವಿನ ಹಿಡಿತವೇ ಬಲವನ್ನು ದಾಟಿಸುತ್ತದೆ. ನಡುವೆ ಗ್ರೀಸ್ ಸೇರಿದರೆ ಹಿಡಿತ ಹೋಯಿತು. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಮುಖಗಳು ಕೂದಲೆಳೆಯಷ್ಟು ಜಾರುತ್ತವೆ, ಬೋಲ್ಟುಗಳು ಸಡಿಲವಾಗುತ್ತ ಬರುತ್ತವೆ, ಒಂದೆರಡು ಬಿದ್ದ ಮೇಲೆ ಉಳಿದವು ಕತ್ತರಿಗೆ ಸಿಕ್ಕಂತೆ ತುಂಡಾಗುತ್ತವೆ. ಥ್ರೆಡ್ಡಿನಲ್ಲೂ ಗ್ರೀಸ್ ಇದ್ದರೆ ಇನ್ನೊಂದು ಅಪಾಯ. ಬಿಗಿ ಅಳೆಯುವ ಟಾರ್ಕ್ ರೆಂಚ್ ಸರಿಯಾದ 45 ನ್ಯೂಟನ್ ಮೀಟರ್ ತೋರಿಸುತ್ತಿದ್ದರೂ ಬೋಲ್ಟ್ ಅಳತೆ ಮೀರಿ ಎಳೆದುಕೊಂಡಿರುತ್ತದೆ.

ಗ್ರೀಸ್ ಅಲ್ಲಿಗೆ ಹೋಗುವುದು ತುಂಬುವ ರೀತಿಯಿಂದ. ಬೋಲ್ಟ್ ತೂತುಗಳು ಜಾಯಿಂಟಿನ ಹೊರಬಳೆಯಲ್ಲೇ ಇವೆ. ಕೈತುಂಬ ಗ್ರೀಸ್ ಮೆತ್ತಿ ಶಾಫ್ಟನ್ನು ಓರೆಯಾಗಿ ಮೇಲೆತ್ತಿ ಕೂರಿಸುವಾಗ ಹೆಚ್ಚಾದದ್ದು ಹಿಂಡಿಕೊಂಡು ಮುಖದ ಮೇಲೆ ಹರಡುತ್ತದೆ. ಬೋಲ್ಟ್ ತೂರಿಸಿದರೆ ಅದು ತೂತಿನ ಗ್ರೀಸನ್ನು ಥ್ರೆಡ್ಡಿನವರೆಗೂ ತಳ್ಳಿಕೊಂಡು ಹೋಗುತ್ತದೆ. ಒಂದು ಜಾಯಿಂಟಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಸಿವಿ ಗ್ರೀಸ್ ಸುಮಾರು 100 ಗ್ರಾಂ ಸಾಕು. ಗುಂಡುಗಳ ನಡುವೆ ಬೆರಳಿನಿಂದ ಒತ್ತಿ ಒತ್ತಿ ತುಂಬಿ, ಉಳಿದದ್ದನ್ನು ಬೂಟಿನ ಕಡೆ ಹಾಕಿ. ವೀಲ್ ಬೇರಿಂಗಿನ ಸಾದಾ ಗ್ರೀಸ್ ಇಲ್ಲಿಗೆ ಬೇಡ. ತುಂಬುವ ಮುಂಚೆ ಆರೂ ತೂತಿಗೆ ಬಟ್ಟೆಯ ಚೂರು ತುರುಕಿಟ್ಟರೆ ಅರ್ಧ ಕಷ್ಟ ತಪ್ಪುತ್ತದೆ. ಶಾಫ್ಟ್ ಎತ್ತುವ ಮುನ್ನ ಚೂರುಗಳನ್ನು ತೆಗೆದು, ಎರಡೂ ಮುಖ, ಫ್ಲ್ಯಾಂಜಿನ ಥ್ರೆಡ್ ಮತ್ತು ಬೋಲ್ಟುಗಳನ್ನು ಬ್ರೇಕ್ ಕ್ಲೀನರಿನಿಂದ ತೊಳೆಯಿರಿ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು.

ಬೋಲ್ಟ್ ಎಂ8, ತಲೆಯೊಳಗೆ 12 ಹಲ್ಲಿನ ಟ್ರಿಪಲ್ ಸ್ಕ್ವೇರ್ ಗುಳಿ. ಇದಕ್ಕೆ ಅಲೆನ್ ಕೀ ಅಥವಾ ನಕ್ಷತ್ರದಾಕಾರದ ಟಾರ್ಕ್ಸ್ ಕೀ ತುರುಕಲು ಹೋಗಬೇಡಿ, ಹಲ್ಲು ಸವೆದು ಹೋಗುತ್ತದೆ. ಗುಳಿಯೊಳಗೆ ವರ್ಷಗಳ ಕೆಸರು ಗಟ್ಟಿಯಾಗಿರುತ್ತದೆ. ಚೂಪಾದ ಕಡ್ಡಿಯಿಂದ ಅದನ್ನು ತಳದವರೆಗೂ ಕೆರೆದು ತೆಗೆದು, ಟ್ರಿಪಲ್ ಸ್ಕ್ವೇರ್ ಬಿಟ್ ಅನ್ನು ಸುತ್ತಿಗೆಯಿಂದ ಒಂದೆರಡು ಪೆಟ್ಟು ಹೊಡೆದು ಪೂರ್ತಿ ಕೂರಿಸಿ, ಆಮೇಲೆ ತಿರುಗಿಸಿ. ಎರಡೆರಡು ಬೋಲ್ಟಿಗೆ ಒಂದರಂತೆ ಜಾಯಿಂಟಿಗೆ ಮೂರು ಚಿಕ್ಕ ಪಟ್ಟಿಗಳಿವೆ. ಅವನ್ನು ಬಿಟ್ಟು ವಾಷರ್ ಹಾಕುವವರಿದ್ದಾರೆ, ಅದು ತಪ್ಪು. ಒತ್ತಡ ಹಂಚಿಹೋಗುವುದೇ ಆ ಪಟ್ಟಿಗಳಿಂದ. ಬೋಲ್ಟುಗಳನ್ನು ಎದುರುಬದುರಾಗಿ ಎರಡು ಹಂತದಲ್ಲಿ ಬಿಗಿ ಮಾಡಿ, ಕೊನೆಗೆ 45 ನ್ಯೂಟನ್ ಮೀಟರ್. 50ರಿಂದ 100 ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ 24 ಬೋಲ್ಟುಗಳಿಗೂ ಮತ್ತೆ ರೆಂಚ್ ಹಾಕಿ. ಈ ಎರಡನೇ ಸುತ್ತನ್ನು ಗ್ಯಾರೇಜಿನವರು ತಾವಾಗಿ ಮಾಡುತ್ತಾರೆ ಅಂತ ಕಾಯಬೇಡಿ, ಕೇಳಿ ಮಾಡಿಸಿ. ಪ್ರತಿ ಬೋಲ್ಟಿನ ತಲೆಯಿಂದ ಪಟ್ಟಿಯ ಮೇಲಕ್ಕೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಮುಂದೆ ಬಗ್ಗಿ ನೋಡಿದಾಗ ಯಾವುದು ತಿರುಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಚಕ್ರದ ನಡುವಿನ 46 ಮಿಲಿಮೀಟರಿನ ದೊಡ್ಡ ನಟ್ಟನ್ನು ಈ ಕೆಲಸಕ್ಕೆ ಮುಟ್ಟುವ ಅಗತ್ಯವೇ ಇಲ್ಲ. ಶಾಫ್ಟಿನ ಎರಡೂ ತುದಿ ಬೋಲ್ಟಿನಲ್ಲೇ ಕೂತಿವೆ. ನಟ್ ಬಿಚ್ಚಿದ್ದಾರೆ ಅಂತ ತಿಳಿದರೆ ಅದನ್ನು 500 ನ್ಯೂಟನ್ ಮೀಟರಿಗೆ ಬಿಗಿದು ನಟ್ ತಿರುಗದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಿದ್ದಾರಾ ಅಂತಲೂ ಕೇಳಬೇಕಾಗುತ್ತದೆ.

ಜಾಯಿಂಟ್ ಬಿಚ್ಚಿ ತೊಳೆಯುವಾಗ ಒಂದರ ಗುಂಡು ಇನ್ನೊಂದಕ್ಕೆ ಬೆರೆಯದಂತೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಅವು ಜೊತೆಯಾಗಿ ಹೊಂದಿಸಿದ ಸೆಟ್ಟುಗಳು. ಗುಂಡಿನ ದಾರಿ ಬರೀ ಹೊಳೆಯುತ್ತಿದ್ದರೆ ಚಿಂತೆಯಿಲ್ಲ. ಉಗುರು ಆಡಿಸಿದಾಗ ತಡೆಯುವ ಗುಳಿ ಇದ್ದರೆ, ಲೋಹ ನೀಲಿಗೆ ತಿರುಗಿದ್ದರೆ, ಗುಂಡುಗಳನ್ನು ಹಿಡಿದಿಡುವ ಪಂಜರದಲ್ಲಿ ಬಿರುಕಿದ್ದರೆ ಆ ಜಾಯಿಂಟ್ ಮುಗಿಯಿತು. ಮತ್ತೆ ಜೋಡಿಸುವಾಗ ಹೊರಬಳೆಯಲ್ಲಿ ಗುಂಡಿನ ದಾರಿಗಳ ನಡುವಿನ ಅಗಲದ ಅಂತರದ ಎದುರು ಒಳಹಬ್ಬಿನ (ಶಾಫ್ಟ್ ತೂರುವ ನಡುಭಾಗದ) ಕಿರಿದಾದ ಅಂತರ ಬರಬೇಕು, ಇಲ್ಲವಾದರೆ ಜಾಯಿಂಟ್ ಸಿಕ್ಕಿಕೊಳ್ಳುತ್ತದೆ. ಸರಿ ಕೂತಿದ್ದರೆ ಕೈಯಲ್ಲೇ ಎಲ್ಲ ಕಡೆಗೂ ಆಡುತ್ತದೆ. ಹಬ್ಬಿನ ಹಲ್ಲುಗಳಲ್ಲಿ ಅಂಚು ಓರೆಯಾಗಿ ತೀಡಿದ ಬದಿ ಶಾಫ್ಟಿನ ಭುಜದ ಕಡೆಗಿರಲಿ. ತಟ್ಟೆ ವಾಷರ್ ಮರೆಯಬೇಡಿ, ಜಾಯಿಂಟನ್ನು ಶಾಫ್ಟಿನ ಮೇಲೆ ಹಿಡಿದಿಡುವ ಸರ್ಕ್ಲಿಪ್ ತನ್ನ ಕಚ್ಚಿನಲ್ಲಿ ಪೂರ್ತಿ ಬಿದ್ದಿದೆಯಾ ನೋಡಿ. ಬೂಟಿನ ಚಿಕ್ಕ ಬಾಯಿಯ ಕ್ಲಿಪ್ ಹಾಕುವ ಮುಂಚೆ ಒಳಗಿನ ಗಾಳಿಯನ್ನು ಬಿಟ್ಟುಬಿಡಿ. ಒಂದು ತುದಿ ಬಿಚ್ಚಿದ ಶಾಫ್ಟನ್ನು ಜೋತು ಬಿಡಬಾರದು, ತಂತಿಯಿಂದ ಮೇಲಕ್ಕೆ ಕಟ್ಟಿ. ಜೋತು ಬಿಟ್ಟರೆ ಇನ್ನೊಂದು ತುದಿಯ ಬೂಟ್ ಹರಿಯುತ್ತದೆ.

ತುಂಡಾದ ಬೋಲ್ಟಿನ ಬುಡ ಕಂಡು ಗಾಬರಿ ಬೇಡ. ತಲೆಯ ಎಳೆತ ಇಲ್ಲದ್ದರಿಂದ ಅದು ಸಾಮಾನ್ಯವಾಗಿ ಸಡಿಲವಾಗಿಯೇ ಇರುತ್ತದೆ, ಚೂಪು ಪಂಚಿನಿಂದ ಅಂಚಿಗೆ ಮೆಲ್ಲಗೆ ತಟ್ಟುತ್ತ ತಿರುಗಿಸಿದರೆ ಬರಬಹುದು. ಬಾರದಿದ್ದರೆ ಎಡಕ್ಕೆ ತಿರುಗುತ್ತ ಕೊರೆಯುವ ಎಡಗೈ ಡ್ರಿಲ್ ಬಿಟ್ ಬಳಸಿ. ಥ್ರೆಡ್ ಹಾಳಾಗಿದ್ದರೆ ಫ್ಲ್ಯಾಂಜನ್ನೇ ಬದಲಿಸಿ.

ದಾರಿಯಲ್ಲೇ ಟಕ್ ಟಕ್ ಶುರುವಾದರೆ "ಮನೆ ಮುಟ್ಟಲಿ" ಅಂತ ಓಡಿಸಬೇಡಿ, ತಕ್ಷಣ ಪಕ್ಕಕ್ಕೆ ಹಾಕಿ. ಶಾಫ್ಟ್ ಕಳಚಿದ ಗಾಡಿಯನ್ನು ಗೇರ್ ಹಿಡಿದು ನಿಲ್ಲಿಸುವುದಿಲ್ಲ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಇನ್ನೊಂದು ಬದಿ ಸರಿಯಿದ್ದರೂ ಅದೊಂದರಿಂದ ಗಾಡಿ ಎಳೆಯದು, ಎರಡೂ ಬದಿಗೆ ಬಲ ಹಂಚುವ ಡಿಫರೆನ್ಶಿಯಲ್ ಕಳಚಿದ ಕಡೆಯನ್ನೇ ಸುಮ್ಮನೆ ತಿರುಗಿಸಿಬಿಡುತ್ತದೆ. ಎಳೆಸಿಕೊಂಡು ಹೋಗುವುದಾದರೆ ಹೊರತುದಿಯ ಆರು ಬೋಲ್ಟನ್ನೂ ಬಿಚ್ಚಿ ಶಾಫ್ಟನ್ನು ಪೂರ್ತಿ ತೆಗೆದು ಗಾಡಿಯೊಳಗಿಡಿ. ಟಿ3ಯಲ್ಲಿ ಚಕ್ರ ಕೂತಿರುವುದು ಬೇರೆಯೇ ಸ್ಟಬ್ ಆಕ್ಸಲ್ (ಬೇರಿಂಗಿನಲ್ಲಿ ಕೂತ ಗಿಡ್ಡ ಅಚ್ಚು) ಮೇಲೆ, ಹಾಗಾಗಿ ಶಾಫ್ಟ್ ಇಲ್ಲದೆಯೂ ಬೇರಿಂಗಿಗೆ ತೊಂದರೆಯಾಗದೆ ಉರುಳುತ್ತದೆ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಹೀಗೆ ಮಾಡಬೇಡಿ, ಅವುಗಳಲ್ಲಿ ಬೇರಿಂಗನ್ನು ಬಿಗಿಹಿಡಿದಿರುವುದು ಸಾಮಾನ್ಯವಾಗಿ ಹೊರಗಿನ ಜಾಯಿಂಟೇ.