ಆರು ವರ್ಷ ರೊಮೇನಿಯನ್ ವಿಕಿಪೀಡಿಯ ಬಳಸಿದ ಮೇಲೆ

ಸಾಫ್ಟ್‌ವೇರ್ ಕೆಲಸಕ್ಕೆಂದು 2019ರಲ್ಲಿ ರೊಮೇನಿಯದ ಕ್ಲುಜ್ ಊರಿಗೆ ಬಂದಾಗ ನನಗೆ ಇಲ್ಲಿನ ಭಾಷೆಯಲ್ಲಿ ಗೊತ್ತಿದ್ದದ್ದು ಎರಡೇ ಮಾತು, ಒಂದು ನಮಸ್ಕಾರ, ಇನ್ನೊಂದು ಥ್ಯಾಂಕ್ಸ್. ವ್ಯಾಕರಣದ ಪುಸ್ತಕ ಕೊಂಡೆ, ಕಲಿಯುವ ಆ್ಯಪ್ ಹಾಕಿಕೊಂಡೆ. ಎರಡೂ ಮೂರು ತಿಂಗಳಲ್ಲಿ ಮೂಲೆ ಸೇರಿದವು. ಇವತ್ತಿಗೂ ದಿನಾ ತೆರೆಯುವುದು ರೊಮೇನಿಯನ್ ವಿಕಿಪೀಡಿಯ ಮಾತ್ರ.

ಶುರುವಾದದ್ದು ಹಳ್ಳಿಗಳಿಂದ. ಇಲ್ಲಿನ ಯಾವ ಹಳ್ಳಿಯ ಪುಟ ತೆರೆದರೂ ಮೊದಲ ಸಾಲು ಒಂದೇ ಅಚ್ಚಿನದು: ಇಂಥದ್ದು 'ಎಸ್ತೆ ಉನ್ ಸಾತ್', ಅಂದರೆ ಒಂದು ಹಳ್ಳಿ, 'ದಿನ್ ಜುದೆತ್ಸುಲ್ ಕ್ಲುಜ್', ಅಂದರೆ ಕ್ಲುಜ್ ಜಿಲ್ಲೆಯದು. ಇಂಗ್ಲಿಷಿನವರು ಪದದ ಮುಂದೆ ಇಡುವ 'ದಿ' ಇವರಲ್ಲಿ ಬಾಲವಾಗಿ ಅಂಟಿಕೊಳ್ಳುತ್ತದೆ. ಜುದೆತ್ಸ್ ಹೋಗಿ ಜುದೆತ್ಸುಲ್. ಪ್ರತ್ಯಯ ಹಚ್ಚಿ ಹಚ್ಚಿಯೇ ಬೆಳೆದ ನಮಗೆ ಅದೇನು ದೊಡ್ಡ ವಿಷಯವಲ್ಲ. ಇಪ್ಪತ್ತು ಹಳ್ಳಿ ಓದುವಷ್ಟರಲ್ಲಿ ಬಾಯಿಪಾಠ ಆಗಿತ್ತು.

ಕ್ಲುಜ್ ಇರುವ ಟ್ರಾನ್ಸಿಲ್ವೇನಿಯ ಪ್ರಾಂತ್ಯದ ಎಷ್ಟೋ ಹಳ್ಳಿಗಳ ಪುಟದಲ್ಲಿ 1769ರಿಂದ 1773ರ ನಡುವೆ ಆಸ್ಟ್ರಿಯದವರು ಮಾಡಿಸಿದ ಸರ್ವೆಯ ನಕ್ಷೆಯ ತುಣುಕು ಇರುತ್ತದೆ. ಇಲ್ಲಿ ಅದನ್ನು ಯೋಸೆಫಿನ್ ನಕ್ಷೆ ಅನ್ನುತ್ತಾರೆ. ಜೊತೆಗೆ ಊರಿನ ಹಂಗೇರಿಯನ್ ಹೆಸರು, ಜರ್ಮನ್ ಹೆಸರು. ಕ್ಲುಜ್‌ಗೇ ಕೊಲೊಜ್ವಾರ್ ಅಂತ ಒಂದು, ಕ್ಲೌಸೆನ್‌ಬುರ್ಗ್ ಅಂತ ಇನ್ನೊಂದು. ನಮ್ಮ ಮನೆ ಓನರ್ ಅಜ್ಜಿಗೆ ಅವರ ತವರಿನ ಪುಟ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು, ನಕ್ಷೆಯಲ್ಲಿ ಹಳ್ಳ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿದರು. ಸಿಕ್ಕಿತು. ಆಮೇಲೆ, "ಚರ್ಚಿನ ವಿಷಯ ಪೂರ್ತಿ ಬರೆದಿಲ್ಲ, ಅದನ್ನು ಪಕ್ಕದ ಊರಿಂದ ಬಿಚ್ಚಿ ತಂದು ಕಟ್ಟಿದ್ದು" ಅಂದರು.

ಅಲ್ಲಿ ನಾನೊಂದು ದಡ್ಡತನ ಮಾಡಿದೆ. ಅಜ್ಜಿ ಹೇಳಿದ್ದನ್ನು ಹಾಗೇ ಬರೆದು ಸೇರಿಸಿದೆ. ಸಂಜೆಯೊಳಗೆ ಯಾರೋ ತೆಗೆದು ಹಾಕಿದ್ದರು, 'ಆಧಾರವಿಲ್ಲ' ಅಂತ ಒಂದು ಮಾತು ಬರೆದು. ತಪ್ಪು ನನ್ನದೇ, ಅಜ್ಜಿಯ ಮಾತಿಗೆ ಪುಟಸಂಖ್ಯೆ ಇರುವುದಿಲ್ಲವಲ್ಲ! ಲೈಬ್ರರಿಯಲ್ಲಿ ಎರಡು ಶನಿವಾರ ಕೂತು ಮರದ ಚರ್ಚುಗಳ ಮೇಲಿನ ಒಂದು ಪುಸ್ತಕದಲ್ಲಿ ಅದೇ ವಿಷಯ ಹುಡುಕಿದೆ, ಪುಟಸಂಖ್ಯೆ ಕೊಟ್ಟು ಮತ್ತೆ ಹಾಕಿದೆ. ಈಗಲೂ ಅಲ್ಲೇ ಇದೆ.

ಮರದ ಚರ್ಚುಗಳೆಂದರೆ ಈ ವಿಕಿಪೀಡಿಯದ ನಿಜವಾದ ಆಸ್ತಿ. ಮಾರಾಮುರೇಶ್ ಜಿಲ್ಲೆಯ ಎಂಟು ಚರ್ಚುಗಳು 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅವುಗಳ ಬಗ್ಗೆ ಇಂಗ್ಲಿಷಿನಲ್ಲೂ ಸಿಗುತ್ತದೆ. ಆದರೆ ಸಾಲಾಜ್ ಜಿಲ್ಲೆಯ ಯಾವುದೋ ಗುಡ್ಡದ ಮೇಲಿನ, ಬೀಗ ಹಾಕಿದ ಪುಟ್ಟ ಚರ್ಚಿಗೆ ಇಲ್ಲಿ ಮಾತ್ರ ಪುಟ ಇರುತ್ತದೆ. ಸರ್ಕಾರದ ಸ್ಮಾರಕ ಪಟ್ಟಿಯ ಕೋಡ್ ಸಮೇತ. ಗುಡ್ಡಗಾಡಿಗೆ ಹೋಗುವ ಮುಂಚೆ ಕಿವಿಕ್ಸ್ ಆ್ಯಪ್‌ನಲ್ಲಿ ಇಡೀ ವಿಕಿಪೀಡಿಯ ಇಳಿಸಿಕೊಳ್ಳಿ, ಅಲ್ಲಿ ಸಿಗ್ನಲ್ ನಂಬಬೇಡಿ.

ಹಾಗಂತ ಎಲ್ಲವೂ ಚೆನ್ನಾಗಿದೆ ಅನ್ನುವಂತಿಲ್ಲ. ಇದು ಶುರುವಾದದ್ದು 2003ರಲ್ಲಿ, ನಮ್ಮ ಕನ್ನಡ ವಿಕಿಪೀಡಿಯ ಹುಟ್ಟಿದ ವರ್ಷವೇ. ಇಲ್ಲಿ 4 ಲಕ್ಷಕ್ಕೂ ಜಾಸ್ತಿ ಲೇಖನಗಳಿವೆ, ನಮ್ಮದು 30 ಸಾವಿರ ದಾಟಿದೆ ಅಷ್ಟೆ. ಮೊದಲು ನೋಡಿದಾಗ ಹೊಟ್ಟೆ ಉರಿದಿತ್ತು. ಆಮೇಲೆ ಸುಮ್ನೆ 'ಯಾದೃಚ್ಛಿಕ ಪುಟ' ಒತ್ತುತ್ತಾ ಹೋದೆ. ಫ್ರಾನ್ಸಿನ ಹಳ್ಳಿ. ಮತ್ತೆ ಒತ್ತಿದೆ, ಇನ್ನೊಂದು ಫ್ರಾನ್ಸಿನ ಹಳ್ಳಿ. ಬಾಟ್‌ಗಳು, ಅಂದರೆ ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಮುಗಳು, ಸಾಲಾಗಿ ಹುಟ್ಟಿಸಿದ ಎರಡು ಸಾಲಿನ ಪುಟಗಳು, ಎಷ್ಟೋ ಕಡೆ ಜನಸಂಖ್ಯೆ ಇನ್ನೂ 2009ರದ್ದೇ. ಇಂಥ ಪುಟಕ್ಕೆ ಕನ್ನಡದಲ್ಲಿ ಮುದ್ದಾಗಿ 'ಚುಟುಕು' ಅನ್ನುತ್ತೇವೆ. ಇವರು 'ಚೋತ್' ಅನ್ನುತ್ತಾರೆ, ಅಂದರೆ ಕಡಿದ ಮರದ ಮೋಟು. ಇವರ ಹೆಸರೇ ಸರಿ ಅನ್ನಿಸುತ್ತದೆ. ಹರಟೆ, ಜಗಳಕ್ಕೆ ನಮ್ಮಲ್ಲಿ 'ಅರಳಿ ಕಟ್ಟೆ' ಇದ್ದ ಹಾಗೆ ಇಲ್ಲಿ 'ಕಫೆನ್ಯಾ' ಇದೆ, ಕಾಫಿ ಅಂಗಡಿ.

ವಿಜ್ಞಾನ, ವೈದ್ಯಕೀಯ, ಏಷ್ಯಾದ ಇತಿಹಾಸ ಬೇಕಾದರೆ ನಾನಂತೂ ಇಂಗ್ಲಿಷಿಗೇ ಹೋಗುತ್ತೇನೆ.

ಚಿತ್ರಗಳ ಕೊರತೆಯೂ ಇದೆ, ಆದರೆ ಅದು ಕಾನೂನಿನ ಕಾಟ. ವಾಸ್ತುಶಿಲ್ಪಿ ಬದುಕಿರುವ ಅಥವಾ ಇತ್ತೀಚೆಗೆ ತೀರಿಕೊಂಡ ಕಟ್ಟಡಗಳ ಫೋಟೊವನ್ನು ವ್ಯಾಪಾರಕ್ಕೂ ಬಳಸಬಹುದು ಅಂತ ಇಲ್ಲಿ ಬಿಟ್ಟುಕೊಡುವಂತಿಲ್ಲ. ವಿಕಿಪೀಡಿಯದ ಚಿತ್ರ ಭಂಡಾರಕ್ಕೆ ಆ ಅನುಮತಿ ಬೇಕೇ ಬೇಕು. ಹಾಗಾಗಿ ಮುನ್ನೂರು ವರ್ಷ ಹಳೆಯ ಮರದ ಚರ್ಚಿಗೆ ಹತ್ತು ಫೋಟೊ, ಹೊಸ ಕಟ್ಟಡಕ್ಕೆ ಒಂದೂ ಇರುವುದಿಲ್ಲ.

ಹುಡುಕುವವರಿಗೆ ಒಂದು ಮಾತು. ರೊಮೇನಿಯನ್ನಿನ 'ಶ', 'ತ್ಸ' ಅಕ್ಷರಗಳಿಗೆ ಅಡಿಯಲ್ಲಿ ಅಲ್ಪವಿರಾಮ ಇರಬೇಕು. ಹಳೇ ಕಂಪ್ಯೂಟರುಗಳಲ್ಲಿ ಅದು ಇರಲಿಲ್ಲ, ಅದರ ಬದಲು ಅಡಿಯಲ್ಲಿ ಕೊಕ್ಕೆ ಇರುವ ಅಕ್ಷರ ಬಳಸಿದರು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೇ ಫೈಲು ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗದೆ ಒದ್ದಾಡಿದವರಿಗೆ ಈ ನೋವು ಗೊತ್ತು. ವಿಕಿಪೀಡಿಯದವರು ಬಾಟ್ ಬಿಟ್ಟು ತಮ್ಮ ಲೇಖನಗಳನ್ನು ಸರಿಯಾದ ಅಕ್ಷರಕ್ಕೆ ತಂದಿದ್ದಾರೆ. ಬೇರೆ ಹಳೇ ತಾಣಗಳಿಂದ ಕಾಪಿ ಮಾಡಿ ತಂದು ಅಂಟಿಸುವಾಗ ಮಾತ್ರ ಜೋಪಾನ.

ರೊಮೇನಿಯದ ಊರು, ಚರ್ಚು, ನದಿ, ಜನರ ವಿಷಯಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಲೋಕಕ್ಕೆ ಎರಡೂವರೆ. ಮುಂದಿನ ತಿಂಗಳು ಅಜ್ಜಿಯ ತವರಿಗೆ ಹೋಗುತ್ತಿದ್ದೇನೆ. ಚರ್ಚಿನ ಒಳಗಿನ ಫೋಟೊ ಪುಟದಲ್ಲಿ ಇಲ್ಲ, ಬೀಗದ ಕೈ ಯಾರ ಮನೆಯಲ್ಲಿದೆ ಅಂತ ಅಜ್ಜಿಗೆ ಗೊತ್ತಂತೆ.