ಮೆಂಬರ್ ಹೆಸರು ಬಿಟ್ಟಿರಾ? ಇಡೀ ಲೈಬ್ರರಿ ಹೋಗುತ್ತದೆ

ಎಂವಿಎಸ್‌ನಲ್ಲಿ (ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ಫೈಲ್ ಬರೆಯುವ ಪ್ರೋಗ್ರಾಂ ಮಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ಜೆಸಿಎಲ್‌ನಲ್ಲಿ (ಯಾವ ಪ್ರೋಗ್ರಾಂ ಯಾವ ಫೈಲ್ ಬಳಸಬೇಕು ಅಂತ ಎಂವಿಎಸ್‌ಗೆ ಹೇಳುವ ಸಾಲುಗಳು) ಒಂದು ಹೆಸರು ಬಿಟ್ಟಿದ್ದಕ್ಕೆ ನನ್ನ ಎರಡು ಮಳೆಗಾಲದ ಕೆಲಸ ಹಾಳಾಯಿತು.

ನಾನಿರುವುದು ಸೋಮವಾರಪೇಟೆಯಲ್ಲಿ. ಮಳೆ ಹಿಡಿದರೆ ಹೊರಗೆ ಕಾಲಿಡುವಂತಿಲ್ಲ. ಆಗೆಲ್ಲ ಲ್ಯಾಪ್‌ಟಾಪ್‌ನಲ್ಲಿ ಹರ್ಕ್ಯುಲಿಸ್ ಎಮ್ಯುಲೇಟರ್ (ಮೇನ್‌ಫ್ರೇಮ್‌ನಂತೆ ನಡೆಯುವ ಸಾಫ್ಟ್‌ವೇರ್) ಹಾಕಿ ಹಳೆಯ ಎಂವಿಎಸ್ 3.8 ಓಡಿಸುತ್ತೇನೆ. ಮಾವ ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಕೆಲಸ ಮಾಡಿದವರು. ಅವರ ಹಳೇ ಪ್ರಿಂಟ್‌ಔಟ್ ನೋಡಿ ಟೈಪ್ ಮಾಡಿದ ಪ್ರೋಗ್ರಾಂಗಳು, ನನ್ನವು, ಎಲ್ಲ ಸೇರಿ ಒಂದೇ ಪಿಡಿಎಸ್‌ನಲ್ಲಿ (ಫೋಲ್ಡರ್‌ನಂಥ ಲೈಬ್ರರಿ; ಅದರೊಳಗಿನ ಒಂದೊಂದು ಫೈಲ್ ಒಂದು ಮೆಂಬರ್) 46 ಮೆಂಬರ್‌ಗಳಿದ್ದವು.

ಕೈಲ್ ಮುಹೂರ್ತ ಹಬ್ಬದ ಹಿಂದಿನ ರಾತ್ರಿ ಆ ಡೇಟಾಸೆಟ್‌ಗೆ (ಎಂವಿಎಸ್‌ನಲ್ಲಿ ಫೈಲ್‌ಗೆ ಹೀಗನ್ನುತ್ತಾರೆ) ಸಾಲುಗಳನ್ನು ಬರೆಯುವ ಸಣ್ಣ ಅಸೆಂಬ್ಲರ್ ಪ್ರೋಗ್ರಾಂ ಓಡಿಸಿದೆ. ಡಿಸಿಬಿಯಲ್ಲಿ (ಪ್ರೋಗ್ರಾಂನಲ್ಲಿ ಫೈಲ್‌ನ ವಿವರ ಬರೆಯುವ ಜಾಗ) ಡಿಎಸ್‌ಆರ್ಗ್ ಪಿಎಸ್, ಅಂದರೆ ಮಾಮೂಲಿ ಸೀಕ್ವೆನ್ಶಿಯಲ್ ಫೈಲ್ ಅಂತ ಇತ್ತು. ಓಪನ್, ಪುಟ್, ಕ್ಲೋಸ್, ಅಷ್ಟೇ. ಕಂಡಿಷನ್ ಕೋಡ್ 0000 ಬಂತು, ಅಂದರೆ ತಪ್ಪಿಲ್ಲದೆ ಮುಗಿಯಿತು. ಖುಷಿಯಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದು ಮೆಂಬರೂ ತೆರೆಯುತ್ತಿಲ್ಲ.

ಮಾವನಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು. "ಮೆಂಬರ್ ಹೆಸರು ಹಾಕಿದ್ಯಾ?"

"ಇಲ್ಲ ಮಾವ."

ಲಿನಕ್ಸ್‌ನಲ್ಲಿ ಫೋಲ್ಡರನ್ನೇ ಫೈಲ್ ಅಂತ ಬರೆಯಲು ತೆರೆದರೆ ಸಿಸ್ಟಮ್ ಒಪ್ಪುವುದಿಲ್ಲ, ಎರರ್ ಕೊಡುತ್ತದೆ. ಇಲ್ಲೂ ಹಾಗೇ ಅಂದುಕೊಂಡಿದ್ದೆ. ಆದರೆ ಪಿಡಿಎಸ್ ಅಂದರೆ ಡಿಸ್ಕ್‌ನಲ್ಲಿ ಒಂದು ಜಾಗ. ಅದರ ಶುರುವಿನಲ್ಲೇ 256 ಬೈಟ್‌ಗಳ ಡೈರೆಕ್ಟರಿ ಬ್ಲಾಕ್‌ಗಳು, ಅವುಗಳ ನಂತರ ಮೆಂಬರ್‌ಗಳು. ಯಾವ ಮೆಂಬರ್ ಎಲ್ಲಿದೆ ಅನ್ನುವುದು ಆ ಡೈರೆಕ್ಟರಿಗೆ ಮಾತ್ರ ಗೊತ್ತು. ಮೆಂಬರ್ ಹೆಸರಿಲ್ಲದೆ ಪಿಎಸ್ ಅಂತ ತೆರೆದರೆ ಎಂವಿಎಸ್ ಅದನ್ನು ಮಾಮೂಲಿ ಸೀಕ್ವೆನ್ಶಿಯಲ್ ಫೈಲ್ ಅಂತಲೇ ತಿಳಿದು ಮೊದಲ ಟ್ರ್ಯಾಕ್‌ನಿಂದ ಬರೆಯುತ್ತದೆ. ಅಂದರೆ ಡೈರೆಕ್ಟರಿಯ ಮೇಲೆಯೇ! ಕಾಪಿ ಮಾಡುವ ಐಇಬಿಜೆನರ್ ಪ್ರೋಗ್ರಾಂನಲ್ಲಿ ಎಸ್‌ವೈಎಸ್‌ಯುಟಿ2ಗೆ (ಕಾಪಿ ಹೋಗಿ ಬೀಳುವ ಫೈಲ್) ಮೆಂಬರ್ ಹೆಸರು ಬಿಟ್ಟರೂ ಇದೇ ಗತಿ. ಜೆಸಿಎಲ್‌ನಲ್ಲಿ ಡಿಸ್ಪ್ ಓಲ್ಡ್ (DISP=OLD) ಹಾಕಿದ್ದೆನಲ್ಲ, ಅದು ಕಾಪಾಡುವುದಿಲ್ಲವಾ ಅಂತ ನೀವು ಕೇಳಬಹುದು. ಇಲ್ಲ. ಬೇರೆ ಜಾಬ್‌ಗಳು ಆಗ ಮುಟ್ಟದಂತೆ ತಡೆಯುವುದಷ್ಟೇ ಅದರ ಕೆಲಸ.

ಈಗ ನನ್ನ ಪ್ರೋಗ್ರಾಂನಲ್ಲಿ ಓಪನ್‌ಗೆ ಮೊದಲು ಆರ್‌ಡಿಜೆಎಫ್‌ಸಿಬಿ ಮ್ಯಾಕ್ರೋ ಇದೆ. ಅದು ಜೆಸಿಎಲ್‌ನಲ್ಲಿ ಕೊಟ್ಟ ಫೈಲ್ ವಿವರವಿರುವ ಜೆಎಫ್‌ಸಿಬಿಯನ್ನು ಓದಿಕೊಡುತ್ತದೆ. ಅದರಲ್ಲಿ ಮೆಂಬರ್ ಹೆಸರಿನ ಜಾಗ ಖಾಲಿಯಾ ಅಂತ ನೋಡುತ್ತೇನೆ. ಖಾಲಿ ಇದ್ದರೆ ಅಬ್ಟೇನ್ ಮ್ಯಾಕ್ರೋದಿಂದ ಡಿಎಸ್‌ಸಿಬಿ (ಡಿಸ್ಕ್‌ನಲ್ಲೇ ಇರುವ ಡೇಟಾಸೆಟ್‌ನ ವಿವರ) ಓದುತ್ತೇನೆ. ಅದರಲ್ಲಿ ಪಿಒ, ಅಂದರೆ ಪಿಡಿಎಸ್ ಅಂತಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ನೀವೂ ಇಷ್ಟು ಸೇರಿಸಿ. ಮತ್ತೆ, ಟೆಸ್ಟ್ ಮಾಡಲು ಬೇರೆಯೇ ಡೇಟಾಸೆಟ್ ಇಟ್ಟುಕೊಳ್ಳಿ. ಹರ್ಕ್ಯುಲಿಸ್‌ನಲ್ಲಿ ಡಿಸ್ಕ್ ಅಂದರೆ ಲ್ಯಾಪ್‌ಟಾಪ್‌ನ ಒಂದು ಫೈಲ್ ಅಲ್ವಾ? ಸಿಸ್ಟಮ್ ನಿಲ್ಲಿಸಿ ಅದನ್ನು ಕಾಪಿ ಮಾಡಲು ಎಷ್ಟು ಹೊತ್ತು ಬೇಕು? ನಾನು ಅದನ್ನೂ ಮಾಡಿರಲಿಲ್ಲ.

ಡೈರೆಕ್ಟರಿ ಹೋದರೂ ನಂತರದ ಟ್ರ್ಯಾಕ್‌ಗಳಲ್ಲಿ ಬರಹ ಹಾಗೇ ಇರುತ್ತದೆ. ಡಂಪ್ ತೆಗೆದು, ಎಬ್ಸಿಡಿಕ್‌ನಿಂದ (ಮೇನ್‌ಫ್ರೇಮ್‌ನ ಅಕ್ಷರ ಸಂಕೇತ) ಬದಲಿಸಿ, ಒಂದೊಂದೇ ಹುಡುಕಿದೆ. 43 ಸಿಕ್ಕವು. ಮೊದಲ ಟ್ರ್ಯಾಕ್‌ನಲ್ಲಿದ್ದ ಮೂರು ಸಿಗಲಿಲ್ಲ. ಅವು ಮೂರೂ ಮಾವನವು, ಎಲ್ಲಕ್ಕಿಂತ ಮೊದಲು ಟೈಪ್ ಮಾಡಿದವು. ಪ್ರಿಂಟ್‌ಔಟ್‌ಗೆ ಈ ಮಳೆಯಲ್ಲಿ ಬೂಷ್ಟು ಹಿಡಿದಿದೆ. ಸಂಜೆ ಹೊತ್ತು ಮಾವ ಲೈಟಿಗೆ ಹಿಡಿದು ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಎರಡು ಮುಗಿದಿವೆ. ಮೂರನೆಯದರಲ್ಲಿ ಒಂದು ಪುಟ ಅವರಿಗೂ ಓದಲಾಗುತ್ತಿಲ್ಲ.